ದಿವಾಳಿಯಿಂದ ಬಿಡುಗಡೆ ಆಯ್ತು, ಬ್ಯಾಂಕ್ ಎಳೆದುಕೊಂಡ ಚಾರ್ಜ್ ವಾಪಸ್ ಬರುತ್ತಾ?

ಇಂಗ್ಲೆಂಡಿನಲ್ಲಿ ದಿವಾಳಿ ಆದೇಶ ಬಿದ್ದು ಒಂದು ವರ್ಷ ತುಂಬುವ ದಿನ ಸದ್ದಿಲ್ಲದೆ ಬಂದು ಹೋಗುತ್ತದೆ. ಕೋರ್ಟಿಗೆ ಹೋಗಬೇಕಿಲ್ಲ, ಯಾರೂ ಫೋನ್ ಮಾಡುವುದಿಲ್ಲ. ಬಿಡುಗಡೆ ಆಗಿದೆ ಅನ್ನುವುದಕ್ಕೆ ಕಾಗದ ಬೇಕಿದ್ದರೆ ನಾವೇ ದಿವಾಳಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಇನ್‌ಸಾಲ್ವೆನ್ಸಿ ಸರ್ವಿಸ್‌ಗೆ ಮೇಲ್ ಹಾಕಿ ತರಿಸಿಕೊಳ್ಳಬೇಕು. ಆ ಕಾಗದ ಕೈಗೆ ಬಂದ ವಾರದಲ್ಲೇ ಹೆಚ್ಚಿನವರಿಗೆ ಹೊಳೆಯುವುದು ಒಂದೇ ಯೋಚನೆ: ಸಾಲವಂತೂ ಹರಿಯಿತು, ಇನ್ನು ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಸಾಲ) ಹೆಸರಿನಲ್ಲಿ ಬ್ಯಾಂಕಿನವರು ತಿಂಗಳು ತಿಂಗಳು ಕಿತ್ತುಕೊಂಡದ್ದನ್ನು ವಾಪಸ್ ಕೇಳೋಣ.

ನಾನೂ ಹಾಗೇ ಶುರು ಮಾಡಿದ್ದು. ಆಮೇಲೆ ಪರಿಚಯದವರ ಕಾಗದಪತ್ರ ಹಿಡಿದುಕೊಂಡು ಇದೇ ದಾರಿಯಲ್ಲಿ ಇನ್ನೂ ಕೆಲವು ಸಲ ಓಡಾಡಿದೆ. ನನ್ನ ಕತೆ ಇಲ್ಲಿ ಬೇಡ. ದಾರಿ ಹೇಗಿದೆ, ಎಲ್ಲಿ ಕಾಲು ಜಾರುತ್ತದೆ ಅನ್ನುವುದಷ್ಟನ್ನೇ ಬರೆಯುತ್ತೇನೆ. ಇಲ್ಲಿ ಹೇಳುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನು. ಸ್ಕಾಟ್ಲೆಂಡಿನದು ಬೇರೆ, ಕೊನೆಯ ಕಡೆ ಎರಡು ಮಾತು ಬರುತ್ತದೆ.

ಮೊದಲ ಪೆಟ್ಟು ಬೀಳುವುದು 1986ರ ಇನ್‌ಸಾಲ್ವೆನ್ಸಿ ಕಾಯ್ದೆ ಓದಿದಾಗ. ಅದರ 281ನೇ ಸೆಕ್ಷನ್ ಪ್ರಕಾರ ಬಿಡುಗಡೆ ಅಂದರೆ ಹಳೆಯ ಸಾಲಗಳಿಂದ ಬಿಡುಗಡೆ. ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ: ಇದರಿಂದ ಟ್ರಸ್ಟಿಯ, ಅಂದರೆ ದಿವಾಳಿಯಾದವರ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡು ಸಾಲ ಕೊಟ್ಟವರಿಗೆ ಹಂಚುವವರ, ಕೆಲಸಕ್ಕೆ ಯಾವ ಅಡ್ಡಿಯೂ ಇಲ್ಲ. ಅಂದರೆ ಸಾಲ ನಮ್ಮ ತಲೆಯಿಂದ ಇಳಿಯುತ್ತದೆ, ಆಸ್ತಿ ಮಾತ್ರ ನಮ್ಮ ಕೈಗೆ ವಾಪಸ್ ಬರುವುದಿಲ್ಲ. ಆದೇಶದ ದಿನ ನಮ್ಮದಾಗಿದ್ದದ್ದೆಲ್ಲ 306ನೇ ಸೆಕ್ಷನ್ ಪ್ರಕಾರ ಟ್ರಸ್ಟಿಯ ಪಾಲು. ಒಂದು ಸಹಿ ಬೇಡ, ನೋಂದಣಿ ಬೇಡ, ತಾನಾಗಿ ಹೋಗುತ್ತದೆ. 2017ರ ಏಪ್ರಿಲ್‌ನಿಂದ ಆದೇಶ ಬಿದ್ದ ಕ್ಷಣವೇ ಸರ್ಕಾರಿ ಅಧಿಕಾರಿಯಾದ ಅಫಿಶಿಯಲ್ ರಿಸೀವರೇ ಟ್ರಸ್ಟಿ ಆಗಿರುತ್ತಾರೆ. ದೊಡ್ಡ ಆಸ್ತಿ ಇದ್ದರೆ ಆಮೇಲೆ ಖಾಸಗಿ ಇನ್‌ಸಾಲ್ವೆನ್ಸಿ ಪ್ರಾಕ್ಟೀಷನರ್ ಬರಬಹುದು. ಆಸ್ತಿ ಅಂದರೆ ಮನೆ, ಕಾರು ಮಾತ್ರ ಅಂದುಕೊಳ್ಳಬೇಡಿ. ಬೇರೆಯವರಿಂದ ಹಣ ಕೇಳುವ ಹಕ್ಕೂ ಆಸ್ತಿಯೇ. ಬ್ಯಾಂಕ್ ತಪ್ಪಾಗಿ ತೆಗೆದುಕೊಂಡ ಹಣವನ್ನು ವಾಪಸ್ ಕೇಳುವ ಹಕ್ಕು ಆದೇಶದ ಮುಂಚೆಯೇ ಹುಟ್ಟಿದ್ದರೆ, ಅದು ಆಗ ನಿಮ್ಮ ತಲೆಗೇ ಬಂದಿರದಿದ್ದರೂ, ಅವತ್ತೇ ಕೈಬಿಟ್ಟು ಹೋಗಿದೆ. ಹತ್ತು ವರ್ಷ ಆದ ಮೇಲೂ ಅದು ಟ್ರಸ್ಟಿಯದ್ದೇ.

ಹಾಗಾದರೆ ಎಲ್ಲವೂ ಹೋಯಿತೇ? ಇಲ್ಲ. ಇಡೀ ವ್ಯವಹಾರ ನಿಂತಿರುವುದು ಎರಡು ತಾರೀಖುಗಳ ಮೇಲೆ. ಆದೇಶಕ್ಕೆ ಮುಂಚೆ ಹುಟ್ಟಿದ ಹಕ್ಕು ಎಸ್ಟೇಟಿನದು, ಅಂದರೆ ಟ್ರಸ್ಟಿಯ ಕೈಗೆ ಹೋದ ಆಸ್ತಿಯ ಗಂಟಿನದು. ಆದೇಶ ಬಿದ್ದ ಮೇಲೆ, ಬಿಡುಗಡೆಗೆ ಮುಂಚೆ ಹುಟ್ಟಿದ ಹಕ್ಕು ಸದ್ಯಕ್ಕೆ ನಿಮ್ಮದು. ಟ್ರಸ್ಟಿಗೆ ವಿಷಯ ತಿಳಿದ 42 ದಿನದೊಳಗೆ 307ನೇ ಸೆಕ್ಷನ್ ಕೆಳಗೆ ಬರವಣಿಗೆಯಲ್ಲಿ ನೋಟಿಸ್ ಕೊಟ್ಟು ಕೇಳಿದರೆ ಮಾತ್ರ ಅವರದು. ಬಿಡುಗಡೆಯ ನಂತರ ಹುಟ್ಟಿದ್ದು ಪೂರ್ತಿ ನಿಮ್ಮದು. ಸ್ಟೇಟ್‌ಮೆಂಟಿನ ಒಂದೊಂದು ಸಾಲನ್ನೂ ಈ ಮೂರು ಡಬ್ಬಿಗಳಲ್ಲಿ ಒಂದಕ್ಕೆ ಹಾಕುವವರೆಗೆ ಬ್ಯಾಂಕಿಗೆ ಒಂದಕ್ಷರವನ್ನೂ ಬರೆಯಬೇಡಿ. ನನ್ನನ್ನು ಕೇಳಿದರೆ ಅರ್ಧ ಕೆಲಸ ಇದೇ.

ಹಾಗಾಗಿ ಮೊದಲು ತಾರೀಖು ಖಚಿತ ಮಾಡಿಕೊಳ್ಳಿ. ನೆನಪಿನ ಮೇಲೆ ಬರೆದ ತಾರೀಖು ಆಗುವುದಿಲ್ಲ. ಅರ್ಜಿ ಹಾಕಿದ ದಿನ ಬೇರೆ, ಆದೇಶ ಬಿದ್ದ ದಿನ ಬೇರೆ. 2016ರ ಏಪ್ರಿಲ್‌ನಿಂದ ಸ್ವಂತ ಅರ್ಜಿಗಳು ಕೋರ್ಟಿಗೆ ಹೋಗದೆ ಆನ್‌ಲೈನ್‌ನಲ್ಲಿ ಅಡ್ಜುಡಿಕೇಟರ್ ಅನ್ನುವ ಅಧಿಕಾರಿಯ ಹತ್ತಿರ ಹೋಗುತ್ತವೆ, ನಡುವೆ ಕೆಲವು ದಿನಗಳ ಅಂತರ ಇದ್ದೇ ಇರುತ್ತದೆ. ಇನ್ನೊಂದು ವಿಷಯ, ಅಧಿಕಾರಿಗಳ ಜೊತೆ ಸಹಕರಿಸದವರ ಒಂದು ವರ್ಷದ ಗಡಿಯಾರವನ್ನು ಕೋರ್ಟ್ ನಿಲ್ಲಿಸಿಬಿಡಬಹುದು. ಅಂಥವರು ತಾವು ಬಿಡುಗಡೆ ಆಗಿದ್ದೇವೆ ಅಂತ ನಂಬಿಕೊಂಡೇ ಇರುತ್ತಾರೆ. ಸರ್ಕಾರದ ದಿವಾಳಿ ರಿಜಿಸ್ಟರ್ ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ ನಿಜ, ಆದರೆ ಬಿಡುಗಡೆಯಾಗಿ ಮೂರು ತಿಂಗಳಿಗೆ ಅಲ್ಲಿಂದ ಹೆಸರು ತೆಗೆದುಹಾಕುತ್ತಾರೆ. ಆಮೇಲೆ ಉಳಿಯುವ ಆಧಾರ ಆ ಕಾಗದ ಒಂದೇ.

ಮುಂದಿನದು ಬ್ಯಾಂಕ್ ಸ್ಟೇಟ್‌ಮೆಂಟ್. ಖಾತೆ ಮುಚ್ಚಿಹೋಗಿರುತ್ತದೆ, ಆ್ಯಪ್ ತೆರೆಯುವುದಿಲ್ಲ. ಆದ್ದರಿಂದ ಡೇಟಾ ರಕ್ಷಣೆ ಕಾನೂನಿನ ಕೆಳಗೆ ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್, ಅಂದರೆ ನನ್ನ ಬಗ್ಗೆ ಇಟ್ಟುಕೊಂಡ ದಾಖಲೆ ಕೊಡಿ ಅನ್ನುವ ಅರ್ಜಿ, ಹಾಕಬೇಕು. 2018ರ ಮೇ ತಿಂಗಳಿಂದ ಇದಕ್ಕೆ ದುಡ್ಡು ಕೊಡಬೇಕಿಲ್ಲ, ಮೊದಲು 10 ಪೌಂಡ್ ಇತ್ತು. ಬ್ಯಾಂಕ್ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು. ಬರೀ ‘ಸ್ಟೇಟ್‌ಮೆಂಟ್ ಕೊಡಿ’ ಅಂತ ಕೇಳಿದರೆ ಬರೀ ಸ್ಟೇಟ್‌ಮೆಂಟೇ ಬರುತ್ತದೆ. ಖಾತೆಯ ಮೇಲೆ ಸಿಬ್ಬಂದಿ ಬರೆದುಕೊಂಡ ಟಿಪ್ಪಣಿ, ಫೋನ್ ಮಾತುಕತೆಯ ದಾಖಲೆ, ಓವರ್‌ಡ್ರಾಫ್ಟ್ ಮಿತಿ ಏರಿಸಿದಾಗ ಮಾಡಿದ ಪರಿಶೀಲನೆ, ದಿವಾಳಿ ಸುದ್ದಿ ಬ್ಯಾಂಕಿಗೆ ತಲುಪಿದ ತಾರೀಖು, ಇವನ್ನೆಲ್ಲ ಹೆಸರು ಹಿಡಿದು ಕೇಳಬೇಕು. ಕೊನೆಯದ್ದಂತೂ ಬಹಳ ಮುಖ್ಯ. ಹಳೆಯ ವಿಳಾಸಗಳನ್ನೆಲ್ಲ ಬರೆಯಿರಿ. ವಿಳಾಸ ಹೊಂದದಿದ್ದರೆ ಗುರುತು ಪತ್ತೆಯಾಗಿಲ್ಲ ಅಂತ ಅರ್ಜಿ ವಾಪಸ್ ಬರುತ್ತದೆ. ಬ್ಯಾಂಕಿನ ಹೆಸರು ಬದಲಾಗಿದ್ದರೆ ಗಾಬರಿ ಬೇಡ. ಆಬಿ ನ್ಯಾಷನಲ್ 2010ರಲ್ಲಿ ಸ್ಯಾಂಟಂಡರ್ ಆಯಿತು, ಹ್ಯಾಲಿಫ್ಯಾಕ್ಸ್ 2009ರಲ್ಲಿ ಲಾಯ್ಡ್ಸ್ ಗುಂಪಿಗೆ ಸೇರಿತು. ಹಳೆಯ ಹೊಣೆಯೆಲ್ಲ ಹೊಸ ಹೆಸರಿನವರದ್ದೇ. ಆದರೆ ಆರು ವರ್ಷಕ್ಕಿಂತ ಹಳೆಯ ದಾಖಲೆ ಸಿಕ್ಕರೆ ನಿಮ್ಮ ಪುಣ್ಯ.

ಸ್ಟೇಟ್‌ಮೆಂಟ್ ಬಂತು ಅಂದುಕೊಳ್ಳಿ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಆದೇಶ ಬಿದ್ದದ್ದು 2022ರ ಜೂನ್ 14. ಅವತ್ತು ಖಾತೆ 1,150 ಪೌಂಡ್ ಮೈನಸ್‌ನಲ್ಲಿತ್ತು. ಅದಕ್ಕೆ ಮುಂಚಿನ 17 ತಿಂಗಳು ಸರಾಸರಿ 24 ಪೌಂಡಿನಂತೆ ಓವರ್‌ಡ್ರಾಫ್ಟ್ ಬಡ್ಡಿ ಬಿದ್ದಿದೆ, ಒಟ್ಟು 408 ಪೌಂಡ್. ವರ್ಷಕ್ಕೆ ಶೇ. 39.9ರ ದರದಲ್ಲಿ ಎಂಟುನೂರು ಚಿಲ್ಲರೆ ಪೌಂಡ್ ಓವರ್‌ಡ್ರಾಫ್ಟಿಗೆ ಸುಮಾರು ಇಷ್ಟೇ ಬರುವುದು. ಜೂನ್ 27ಕ್ಕೆ ಸಂಬಳ ಬಂದು ಬಿದ್ದಿದೆ. ಜೂನ್ 28ಕ್ಕೆ 31 ಪೌಂಡ್ ಬಡ್ಡಿ ಎಳೆದಿದ್ದಾರೆ. ಜುಲೈ ಕೊನೆಗೆ 33, ಆಗಸ್ಟ್ ಕೊನೆಗೆ 33. ಆಮೇಲೆ ಬ್ಯಾಂಕಿಗೆ ಎಚ್ಚರವಾಗಿ ಖಾತೆ ಮುಚ್ಚಿದೆ.

ಈಗ ಜೂನ್ 28ರ ಆ 31 ಪೌಂಡ್ ಮೇಲೆ ಬೆರಳಿಡಿ. ಬ್ಯಾಂಕುಗಳು ಮೇ ತಿಂಗಳ ಬಡ್ಡಿಯನ್ನು ಮೇ 31ಕ್ಕೇ ಎಳೆಯುವುದಿಲ್ಲ. ಲೆಕ್ಕ ಹಾಕಿ, ಮುಂಚಿತವಾಗಿ ತಿಳಿಸಿ, ಮುಂದಿನ ತಿಂಗಳ ಒಂದು ದಿನ ಎಳೆಯುತ್ತವೆ. ಚಾರ್ಜ್ ಹುಟ್ಟಿದ ದಿನ ಬೇರೆ, ಜೇಬಿಂದ ಹೋದ ದಿನ ಬೇರೆ. ಮೇ ತಿಂಗಳ ಬಡ್ಡಿ ಅಂದರೆ ಆದೇಶಕ್ಕೆ ಮುಂಚಿನ ಸಾಲ, ಅದನ್ನು ಬ್ಯಾಂಕ್ ಸಾಲ ಕೊಟ್ಟವರೆಲ್ಲರ ಸಾಲಿನಲ್ಲಿ ನಿಂತು ಟ್ರಸ್ಟಿಯಿಂದ ಕೇಳಬೇಕು. ಆದೇಶ ಬಿದ್ದ ಮೇಲೆ ಬಂದ ಸಂಬಳದಿಂದ ಅದನ್ನು ಎಳೆದುಕೊಳ್ಳುವ ಹಾಗಿಲ್ಲ. 285ನೇ ಸೆಕ್ಷನ್ ಅದಕ್ಕೆ ಅಡ್ಡ ನಿಲ್ಲುತ್ತದೆ. ಹಳೆಯ ಓವರ್‌ಡ್ರಾಫ್ಟಿನ ಮೇಲೆ ಆದೇಶದ ನಂತರದ ದಿನಗಳಿಗೆ ಹಾಕಿದ ಬಡ್ಡಿಗೂ ಇದೇ ಗತಿ. ಸಾಲವಸೂಲಿಯ ಲೆಕ್ಕದಲ್ಲಿ ಬಡ್ಡಿ ನಿಲ್ಲುವುದು ಆದೇಶದ ದಿನಕ್ಕೆ. ಹಾಗಾಗಿ ಈ 31, 33, 33, ಒಟ್ಟು 97 ಪೌಂಡ್, ಇಡೀ ಪ್ರಕರಣದಲ್ಲಿ ನಿಮ್ಮ ಕೈಗೆ ಬರುವ ಗಟ್ಟಿ ಹಣ. 408ರ ಹಿಂದೆ ಬಿದ್ದು ಈ 97ನ್ನು ಮರೆತವರೇ ಹೆಚ್ಚು.

408ರ ಕತೆ ಏನಾಗುತ್ತದೆ? ಬ್ಯಾಂಕ್ ತಪ್ಪು ಒಪ್ಪಿ ಪೂರ್ತಿ ವಾಪಸ್ ಕೊಡಲು ಸಿದ್ಧ ಅಂತಲೇ ಇಟ್ಟುಕೊಳ್ಳಿ. 323ನೇ ಸೆಕ್ಷನ್ ಪ್ರಕಾರ ದಿವಾಳಿಗೆ ಮುಂಚೆ ಇಬ್ಬರ ನಡುವೆ ಇದ್ದ ಕೊಡುವ ತೆಗೆದುಕೊಳ್ಳುವ ಲೆಕ್ಕವನ್ನು ಒಂದಕ್ಕೊಂದು ಮುರಿದುಕೊಳ್ಳಲೇಬೇಕು. ಅದು ಬ್ಯಾಂಕಿನ ಮರ್ಜಿಗೆ ಬಿಟ್ಟದ್ದೂ ಅಲ್ಲ, ನಿಮ್ಮ ಒಪ್ಪಿಗೆಗೆ ಕಾಯುವುದೂ ಇಲ್ಲ. ಸ್ಟೈನ್ ವಿರುದ್ಧ ಬ್ಲೇಕ್ ಪ್ರಕರಣದಲ್ಲಿ ಆಗಿನ ಅತ್ಯುನ್ನತ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು ಇದನ್ನೇ: ಆದೇಶದ ದಿನವೇ ಎರಡೂ ಲೆಕ್ಕ ಕರಗಿ, ಉಳಿಕೆ ಒಂದೇ ನಿಲ್ಲುತ್ತದೆ. 1,150ರಲ್ಲಿ 408 ಹೋಗಿ ಬ್ಯಾಂಕಿಗೆ ಬರಬೇಕಾದ ಸಾಲ 742 ಪೌಂಡ್ ಆಯಿತು. ಆ 742 ಹೇಗೂ ನೀವು ಕೊಡಬೇಕಾಗಿಲ್ಲ. ಟ್ರಸ್ಟಿಗೆ ಒಂದು ಪೆನ್ನಿ ಬರಲಿಲ್ಲ, ನಿಮಗೂ ಇಲ್ಲ. ಆರು ತಿಂಗಳು ಕಾಗದ ಬರೆದು ಗೆದ್ದದ್ದು ಬ್ಯಾಂಕಿನ ಪುಸ್ತಕದೊಳಗಿನ ಒಂದು ಅಂಕಿ. ‘ನನ್ನ ಸಾಲ ಮನ್ನಾ ಆಗಿದೆಯಲ್ಲ, ಅದಕ್ಕೆ ಹೇಗೆ ಮುರಿದುಕೊಳ್ಳುತ್ತಾರೆ’ ಅಂತ ಜಗಳಕ್ಕೆ ನಿಲ್ಲುವವರಿದ್ದಾರೆ. ಮುರಿದುಕೊಂಡದ್ದು ಮನ್ನಾ ಆಗುವ ಮುಂಚಿನ ದಿನದ ಲೆಕ್ಕದಲ್ಲಿ, ಆದ್ದರಿಂದ ಆ ವಾದ ನಿಲ್ಲುವುದಿಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ. ಖಾತೆಯಲ್ಲಿ ಬರೆದ ಚಾರ್ಜ್ ಎಲ್ಲವೂ ನೀವು ಕೊಟ್ಟ ಚಾರ್ಜ್ ಅಲ್ಲ. ಖಾತೆ ಮೈನಸ್‌ನಲ್ಲೇ ಇದ್ದು, ಆಮೇಲೆ ಒಂದು ರೂಪಾಯಿಯೂ ಜಮಾ ಆಗದೆ ಮುಚ್ಚಿದ್ದರೆ, ಕೊನೆಯ ಕೆಲವು ಚಾರ್ಜ್‌ಗಳನ್ನು ಯಾರೂ ಕಟ್ಟಿಯೇ ಇಲ್ಲ. ಕಟ್ಟದ ಹಣ ವಾಪಸ್ ಬರುವುದಿಲ್ಲ, ಅದನ್ನು ಅಳಿಸಿ ಅಂತ ಕೇಳಬಹುದು ಅಷ್ಟೆ. ಅಳಿಸುವುದೂ ಸಣ್ಣ ಕೆಲಸವೇನಲ್ಲ. ಆದೇಶದ ನಂತರ ಬೆಳೆದ ಆ ಅಂಕಿಯನ್ನು ಹಿಡಿದು ಬ್ಯಾಂಕ್ ಸಾಲವನ್ನು ವಸೂಲಿ ಕಂಪನಿಗೆ ಮಾರಿಬಿಡುತ್ತದೆ, ಅವರು ಹೊಸ ಸಾಲ ಅಂತ ಪತ್ರ ಹಾಕುತ್ತಾರೆ, ಸಾಲದ ಇತಿಹಾಸ ದಾಖಲಿಸುವ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಮೂರೂ ಕಡೆ ಬಾಕಿ ಕಾಣಿಸುತ್ತದೆ. ದಿವಾಳಿಯಲ್ಲಿ ಸೇರಿದ ಖಾತೆಯ ಬಾಕಿ ಸೊನ್ನೆ ಇರಬೇಕು, ಡೀಫಾಲ್ಟ್ (ಸಾಲ ಕಟ್ಟಲು ತಪ್ಪಿದ) ತಾರೀಖು ಆದೇಶದ ದಿನ ಅಥವಾ ಅದಕ್ಕಿಂತ ಮುಂಚಿನದಾಗಿರಬೇಕು. ಅದಕ್ಕಿಂತ ಆಚೆಗೆ ಹಾಕಿದರೆ ಆ ದಾಖಲೆಯಲ್ಲಿ ಆರು ವರ್ಷ ಉಳಿಯುವ ಕಲೆ ಅಷ್ಟು ದಿನ ಮುಂದಕ್ಕೆ ಎಳೆಯುತ್ತದೆ. ದುಡ್ಡಿಗಿಂತ ಇದನ್ನು ಸರಿಪಡಿಸಿಕೊಳ್ಳುವುದೇ ಎಷ್ಟೋ ಸಲ ದೊಡ್ಡ ಲಾಭ ಅನ್ನಿಸಿದೆ.

ಬೇರೆ ಬಗೆಯ ಖಾತೆಯೂ ಇರುತ್ತದೆ. ದಿವಾಳಿಗೆ ಒಂದು ವರ್ಷ ಮುಂಚೆಯೇ ಓವರ್‌ಡ್ರಾಫ್ಟ್ ತೀರಿಸಿ ಮುಚ್ಚಿದ ಖಾತೆ. ಆ ಬ್ಯಾಂಕಿಗೆ ನೀವು ಏನೂ ಕೊಡಬೇಕಿಲ್ಲ, ಮುರಿದುಕೊಳ್ಳಲು ಏನೂ ಇಲ್ಲ. ಅಲ್ಲಿಂದ ಬರುವ ಹಣ ನೇರ ಟ್ರಸ್ಟಿಗೆ. ಅಲ್ಲಿಂದ ಮುಂದೆ ಸಾಲ ಕೊಟ್ಟವರಿಗೆ ಹೋಗುತ್ತದೆ ಅಂದುಕೊಂಡರೆ ಅದೂ ಪೂರ್ತಿ ನಿಜವಲ್ಲ. ಮೊದಲು ದಿವಾಳಿ ನಡೆಸಿದ ಖರ್ಚು ತುಂಬಬೇಕು. 2016ರ ಶುಲ್ಕ ಆದೇಶ ಅಫಿಶಿಯಲ್ ರಿಸೀವರ್‌ನ ಸಾಮಾನ್ಯ ಶುಲ್ಕವನ್ನೇ 6,000 ಪೌಂಡ್ ಎಂದು ಇಟ್ಟಿತ್ತು. ಸಣ್ಣ ಮೊತ್ತಗಳು ಅಲ್ಲೇ ಇಂಗಿಹೋಗುತ್ತವೆ. ಎಲ್ಲ ಸಾಲ, ಅದರ ಬಡ್ಡಿ, ಖರ್ಚು ತೀರಿದ ಮೇಲೆ ಉಳಿದದ್ದು ನಿಮ್ಮದು ಅಂತ 330ನೇ ಸೆಕ್ಷನ್ ಹೇಳುತ್ತದೆ. ಹಾಗೆ ಉಳಿಯುವುದು ಮನೆ ಮಾರಿದ ಪ್ರಕರಣಗಳಲ್ಲಿ, ಬ್ಯಾಂಕ್ ಚಾರ್ಜಿನ ಪ್ರಕರಣದಲ್ಲಿ ನಾನಂತೂ ನೋಡಿಲ್ಲ.

ಈಗ ಅಫಿಶಿಯಲ್ ರಿಸೀವರ್‌ಗೆ ಬರೆಯುವ ಹೊತ್ತು. ಬಿಡುಗಡೆ ಆದ ಮೇಲೆ ಅವರ ಸಹವಾಸವೇ ಬೇಡ ಅನ್ನಿಸುವುದು ಸಹಜ. ಆದರೆ ಟ್ರಸ್ಟಿಗೆ ಮಾಹಿತಿ ಕೊಡುವ ಕರ್ತವ್ಯ ಬಿಡುಗಡೆಯ ನಂತರವೂ ಉಳಿದಿರುತ್ತದೆ, 333ನೇ ಸೆಕ್ಷನ್ ಅದನ್ನು ಸ್ಪಷ್ಟವಾಗಿ ಹೇಳಿದೆ. ಎಸ್ಟೇಟಿನ ಹಣವನ್ನು ಸುಮ್ಮನೆ ಜೇಬಿಗೆ ಹಾಕಿಕೊಂಡರೆ ಟ್ರಸ್ಟಿ ಆಮೇಲೆ ಬಂದು ಕೇಳಬಹುದು, ಆ ಹೊತ್ತಿಗೆ ಹಣ ಖರ್ಚಾಗಿರುತ್ತದೆ. ಪತ್ರ ಒಂದು ಪುಟ ಸಾಕು. ಹೆಸರು, ಹುಟ್ಟಿದ ದಿನ, ದಿವಾಳಿಯ ಉಲ್ಲೇಖ ಸಂಖ್ಯೆ, ಎರಡು ತಾರೀಖು, ಬ್ಯಾಂಕ್ ಮತ್ತು ಖಾತೆ ಸಂಖ್ಯೆ. ಆಮೇಲೆ ಮೂರು ಪ್ರಶ್ನೆ: ಈಗ ಟ್ರಸ್ಟಿ ಯಾರು? ಆದೇಶಕ್ಕೆ ಮುಂಚಿನ ಇಷ್ಟು ಮೊತ್ತದ ಹಕ್ಕನ್ನು ನೀವೇ ಮುಂದುವರಿಸುತ್ತೀರಾ? ಆದೇಶದ ನಂತರದ ಇಷ್ಟು ಮೊತ್ತದ ಬಗ್ಗೆ ನೋಟಿಸ್ ಕೊಡುವ ಉದ್ದೇಶ ಇದೆಯೇ? ಈ ಮೂರನೆಯ ಪ್ರಶ್ನೆಯಿಂದ 42 ದಿನದ ಎಣಿಕೆ ಶುರುವಾಗುತ್ತದೆ, ಆದ್ದರಿಂದ ಪತ್ರ ತಲುಪಿದ ದಾಖಲೆ ಜೋಪಾನವಾಗಿಟ್ಟುಕೊಳ್ಳಿ. ಇನ್ನೂ ಬಿಡುಗಡೆ ಆಗದವರಾದರೆ ಹೊಸದಾಗಿ ಬಂದ ಆಸ್ತಿಯ ವಿಷಯ 21 ದಿನದೊಳಗೆ ತಿಳಿಸಬೇಕು ಅನ್ನುವ ನಿಯಮವೂ ಇದೆ.

ಉತ್ತರ ತಡವಾಗುತ್ತದೆ. ಬಂದಾಗ ಕೆಲವು ಸಲ ‘ಮೊತ್ತ ಸಣ್ಣದು, ಮುಂದುವರಿಸುವುದಿಲ್ಲ’ ಅಂತ ಇರುತ್ತದೆ. ಇದನ್ನು ಓದಿ ‘ಹಾಗಾದರೆ ನನ್ನದೇ’ ಅಂತ ಹಿಗ್ಗಬಾರದು. ಮುಂದುವರಿಸದಿರುವುದು ಬೇರೆ, ನಿಮಗೆ ಬರೆದುಕೊಡುವುದು ಬೇರೆ. ಎಸ್ಟೇಟಿಗೆ ಸೇರಿದ ಹಕ್ಕನ್ನು ಹಿಡಿದು ದಿವಾಳಿಯಾದವರು ತಾವೇ ದಾವೆ ಹೂಡುವಂತಿಲ್ಲ ಅಂತ ಹೀತ್ ವಿರುದ್ಧ ಟ್ಯಾಂಗ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ನಿಮಗೆ ಬೇಕಿದ್ದರೆ ಆ ಹಕ್ಕನ್ನು ಬರವಣಿಗೆಯಲ್ಲಿ ನಿಮಗೆ ವರ್ಗಾಯಿಸಿಕೊಡಿ ಅಂತ ಕೇಳಬೇಕು. ಟ್ರಸ್ಟಿಗೆ ಹಾಗೆ ಕೊಡುವ ಅಧಿಕಾರ ಇದೆ. ಒಂದಿಷ್ಟು ಹಣವನ್ನೋ ಗೆದ್ದದ್ದರಲ್ಲಿ ಪಾಲನ್ನೋ ಕೇಳುತ್ತಾರೆ. 408ರಂಥ, ಮುರಿದುಕೊಂಡು ಸೊನ್ನೆಯಾಗುವ ಹಕ್ಕಿಗೆ ಹತ್ತು ಪೌಂಡೂ ಕೊಡಬೇಡಿ.

ಇಷ್ಟಾದ ಮೇಲೆ ಬ್ಯಾಂಕಿಗೆ ದೂರು. ಇಲ್ಲಿ ಹಳೆಯ ಕಾಲದ ಒಂದು ಭ್ರಮೆ ಇನ್ನೂ ಓಡಾಡುತ್ತಿದೆ. 2006-07ರಲ್ಲಿ ಮಿತಿ ಮೀರಿದ ಓವರ್‌ಡ್ರಾಫ್ಟಿಗೆ ಒಂದೊಂದು ಸಲಕ್ಕೆ ಮೂವತ್ತು ಚಿಲ್ಲರೆ ಪೌಂಡ್ ಹಾಕುತ್ತಿದ್ದ ದಿನಗಳಲ್ಲಿ ಜನ ಒಂದು ಅಚ್ಚಿನ ಪತ್ರ ಕಳಿಸಿ ಸಾವಿರಾರು ಪೌಂಡ್ ವಾಪಸ್ ಪಡೆದದ್ದು ನಿಜ. ‘ಈ ಶುಲ್ಕ ದಂಡ, ಅನ್ಯಾಯದ ಷರತ್ತು’ ಅನ್ನುವುದು ಆ ಪತ್ರದ ಜೀವಾಳ. 2007ರ ಜುಲೈನಲ್ಲಿ ಗ್ರಾಹಕರ ಹಿತ ಕಾಯುತ್ತಿದ್ದ ಸರ್ಕಾರಿ ಸಂಸ್ಥೆ ಆಫೀಸ್ ಆಫ್ ಫೇರ್ ಟ್ರೇಡಿಂಗ್ ಏಳು ಬ್ಯಾಂಕು ಮತ್ತು ಒಂದು ಬಿಲ್ಡಿಂಗ್ ಸೊಸೈಟಿಯ ವಿರುದ್ಧ ಪರೀಕ್ಷಾ ಮೊಕದ್ದಮೆ ಹೂಡಿತು. ಕೆಳಗಿನ ಎರಡೂ ಕೋರ್ಟುಗಳಲ್ಲಿ ಗೆದ್ದಿತು, 2009ರ ನವೆಂಬರ್ 25ರಂದು ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಆ ಶುಲ್ಕ ಬ್ಯಾಂಕ್ ಸೇವೆಗೆ ಕೊಡುವ ಬೆಲೆಯ ಭಾಗ, ಹಾಗಾಗಿ ಬೆಲೆ ಹೆಚ್ಚೋ ಕಡಿಮೆಯೋ ಅಂತ ಅನ್ಯಾಯದ ಷರತ್ತಿನ ನಿಯಮದ ಕೆಳಗೆ ಅಳೆಯುವಂತಿಲ್ಲ ಅಂತ ತೀರ್ಪು. ಆ ಹಳೆಯ ಅಚ್ಚಿನ ಪತ್ರ ಅವತ್ತೇ ಸತ್ತಿತು. ಈಗಲೂ ಅದನ್ನೇ ಕಳಿಸಿದರೆ ಅಷ್ಟೇ ಅಚ್ಚಿನ ಉತ್ತರ ಬರುತ್ತದೆ.

2020ರ ಏಪ್ರಿಲ್ 6ರಿಂದ ಆಟವೇ ಬದಲಾಗಿದೆ. ಓವರ್‌ಡ್ರಾಫ್ಟಿಗೆ ದಿನಕ್ಕಿಷ್ಟು ತಿಂಗಳಿಗಿಷ್ಟು ಅನ್ನುವ ಶುಲ್ಕವನ್ನು ಹಣಕಾಸು ನಿಯಂತ್ರಕ ಎಫ್‌ಸಿಎ ನಿಲ್ಲಿಸಿತು. ಒಂದೇ ವಾರ್ಷಿಕ ಬಡ್ಡಿ ದರ ಇರಬೇಕು, ಒಪ್ಪಂದ ಇಲ್ಲದ ಓವರ್‌ಡ್ರಾಫ್ಟಿಗೆ ಹೆಚ್ಚು ದರ ಹಾಕುವಂತಿಲ್ಲ. ಹಾಗಾಗಿ ಇವತ್ತು ದೂರು ನಿಲ್ಲುವುದು ಬೇರೆ ನೆಲದ ಮೇಲೆ: ತಿಂಗಳುಗಟ್ಟಲೆ ಖಾತೆ ಮೈನಸ್‌ನಿಂದ ಮೇಲೆ ಬರಲೇ ಇಲ್ಲ, ಸಂಬಳ ಬಂದ ಮೂರನೇ ದಿನಕ್ಕೆ ಮತ್ತೆ ಮಿತಿ ಮುಟ್ಟುತ್ತಿತ್ತು, ಡೈರೆಕ್ಟ್ ಡೆಬಿಟ್ ವಾಪಸ್ ಹೋಗುತ್ತಿತ್ತು, ಪೇಡೇ ಸಾಲದ (ಮುಂದಿನ ಸಂಬಳದವರೆಗಿನ ದುಬಾರಿ ಕೈಸಾಲ) ಕಂಪನಿಗಳ ಹೆಸರು ಸ್ಟೇಟ್‌ಮೆಂಟಿನಲ್ಲೇ ಕಾಣುತ್ತಿತ್ತು, ಇಷ್ಟೆಲ್ಲ ಕಣ್ಣ ಮುಂದಿದ್ದೂ ಬ್ಯಾಂಕ್ ಮಿತಿಯನ್ನು ನವೀಕರಿಸಿತು ಅಥವಾ ಏರಿಸಿತು, ಬಡ್ಡಿ ನಿಲ್ಲಿಸಲಿಲ್ಲ. ಹೀಗೆ ಪದೇಪದೇ ಓವರ್‌ಡ್ರಾಫ್ಟಿನಲ್ಲಿ ಸಿಲುಕಿದವರನ್ನು ಗುರುತಿಸಿ ನೆರವಿಗೆ ಬರಬೇಕು ಅಂತ ನಿಯಮ ಇದೆ. ಯಾವ ತಿಂಗಳಿಂದ ಬ್ಯಾಂಕಿಗೆ ಗೊತ್ತಾಗಬೇಕಿತ್ತು ಅಂತ ಒಂದು ತಿಂಗಳ ಮೇಲೆ ಬೆರಳಿಟ್ಟು ಬರೆಯಿರಿ. ‘ಮೊದಲಿಂದಲೂ’ ಅಂತ ಬರೆದ ದೂರು ಸೊರಗುತ್ತದೆ.

ದೂರಿನಲ್ಲಿ ಎರಡು ಭಾಗ ಬೇರೆ ಬೇರೆ ಇಡಿ. ಆದೇಶದ ನಂತರ ಎಳೆದ 97ಕ್ಕೆ ಸಾಲ ಕೊಟ್ಟ ರೀತಿ ಸರಿಯೋ ತಪ್ಪೋ ಅನ್ನುವ ವಾದವೇ ಬೇಡ. ದಿವಾಳಿ ಸಾಲವನ್ನು ಹೊಸ ಸಂಬಳದಿಂದ ವಸೂಲು ಮಾಡಿದಿರಿ ಅನ್ನುವ ಒಂದೇ ಸಾಲು ಸಾಕು, ಜೊತೆಗೆ ಆದೇಶದ ಪ್ರತಿ, ಸಂಬಳದ ಚೀಟಿ. ಎರಡನ್ನೂ ಕಲಸಿದರೆ ಬ್ಯಾಂಕಿನವರು ದೊಡ್ಡ ವಾದವನ್ನು ತಳ್ಳಿಹಾಕುವ ಭರದಲ್ಲಿ ಚಿಕ್ಕದನ್ನೂ ತಳ್ಳಿಹಾಕುತ್ತಾರೆ. ಫೋನಿನಲ್ಲಿ ದೂರು ಕೊಡಬಹುದಾದರೂ ಬರವಣಿಗೆಯೇ ವಾಸಿ. ಸಾಮಾನ್ಯ ಕಸ್ಟಮರ್ ಸರ್ವಿಸ್‌ನವರಿಗೆ ದಿವಾಳಿ ಅಂದರೆ ಏನು ಅಂತ ಹೇಳಿಕೊಡುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಬ್ಯಾಂಕಿಗೆ ಅಂತಿಮ ಉತ್ತರ ಕೊಡಲು ಎಂಟು ವಾರ. ನಮ್ಮೂರಿನಲ್ಲಿ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ ಹತ್ತಿರ ಹೋಗಲು 30 ದಿನ ಕಾದರೆ ಸಾಕಾಗಿತ್ತಲ್ಲ ಅಂದುಕೊಂಡವರಿಗೆ ಇದು ಉದ್ದ ಅನ್ನಿಸುತ್ತದೆ. ಉತ್ತರ ಒಪ್ಪಿಗೆಯಾಗದಿದ್ದರೆ, ಅದು ಬಂದ ಆರು ತಿಂಗಳೊಳಗೆ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಸರ್ವಿಸ್‌ಗೆ ಹೋಗಬೇಕು. ಗ್ರಾಹಕರಿಗೆ ಉಚಿತ. ಘಟನೆ ನಡೆದು ಆರು ವರ್ಷ, ಅಥವಾ ನಿಮಗೆ ತಿಳಿದ ಇಲ್ಲವೇ ತಿಳಿಯಬೇಕಾಗಿದ್ದ ದಿನದಿಂದ ಮೂರು ವರ್ಷ, ಯಾವುದು ನಂತರವೋ ಅದು ದೂರಿನ ಗಡುವು. ದಿವಾಳಿಯಾದ ವಿಷಯ ಅರ್ಜಿಯಲ್ಲೇ ಹೇಳಿಬಿಡಿ, ಟ್ರಸ್ಟಿಯ ಉತ್ತರದ ಪ್ರತಿಯನ್ನು ಲಗತ್ತಿಸಿ. ಮುಚ್ಚಿಟ್ಟರೆ ನಾಲ್ಕು ತಿಂಗಳ ನಂತರ ಅದೇ ಪ್ರಶ್ನೆ ಬಂದು ಕಡತ ಅಲ್ಲೇ ನಿಲ್ಲುತ್ತದೆ. ಬ್ಯಾಂಕಿನ ನಡವಳಿಕೆಯಿಂದ ಅನುಭವಿಸಿದ ಸಂಕಟಕ್ಕೆ ಪರಿಹಾರ ಕೇಳುವುದಿದ್ದರೆ ಅದನ್ನು ಚಾರ್ಜಿನ ಮೊತ್ತದಿಂದ ಬೇರೆಯಾಗಿ ನಮೂದಿಸಿ ಕೊಡಲು ಹೇಳಿ. ವೈಯಕ್ತಿಕ ನೋವಿನ ಪರಿಹಾರವನ್ನು ಕಾನೂನು ಎಸ್ಟೇಟಿನ ಹಣದ ಹಾಗೆ ನೋಡುವುದಿಲ್ಲ. ಎರಡೂ ಒಂದೇ ಮೊತ್ತದಲ್ಲಿ ಬಂದರೆ ಯಾವುದು ಯಾರದ್ದು ಅಂತ ಬಿಡಿಸುವುದು ಕಷ್ಟ.

ನಾವು ಮಾಡಿಕೊಡುತ್ತೇವೆ ಅಂತ ಬರುವ ಕ್ಲೇಮ್ ಕಂಪನಿಗಳ ಬಗ್ಗೆ ಒಂದು ಮಾತು ಖಾರವಾಗಿಯೇ ಹೇಳಬೇಕು. ಅವರ ಕರಾರಿನಲ್ಲಿ ಶುಲ್ಕ ಗೆದ್ದ ಮೊತ್ತದ ಮೇಲೆ, ನಿಮ್ಮ ಕೈಗೆ ಬಂದ ಮೊತ್ತದ ಮೇಲೆ ಅಲ್ಲ. 2022ರ ಮಾರ್ಚ್ 1ರಿಂದ ಮಿತಿ ಇದೆ, 1,499 ಪೌಂಡ್‌ವರೆಗಿನ ಪರಿಹಾರಕ್ಕೆ ಹೆಚ್ಚೆಂದರೆ ಶೇ. 30, ಗರಿಷ್ಠ 420 ಪೌಂಡ್. ಮೇಲಿನ ಉದಾಹರಣೆಯ 408ನ್ನು ಅವರು ಗೆದ್ದುಕೊಟ್ಟರು ಅಂದುಕೊಳ್ಳಿ. ಬ್ಯಾಂಕ್ ಪೂರ್ತಿ ಮುರಿದುಕೊಂಡಿತು, ನಿಮಗೆ ಬಂದದ್ದು ಸೊನ್ನೆ, ಕಂಪನಿಯ ಬಿಲ್ಲು 122 ಪೌಂಡ್ 40 ಪೆನ್ಸ್. ಅದು ಬಿಡುಗಡೆಯ ನಂತರದ ಹೊಚ್ಚಹೊಸ ಸಾಲ.

ಜಂಟಿ ಖಾತೆ ಇರುವ ಮನೆಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಗಂಡ ದಿವಾಳಿಯಾಗಿ ಹೆಂಡತಿ ಆಗಿಲ್ಲದಿದ್ದರೆ ಹೆಂಡತಿಯ ಪಾಲಿನ ಹಕ್ಕು ಎಸ್ಟೇಟಿಗೆ ಸೇರುವುದಿಲ್ಲ, ದೂರು ಅವರ ಹೆಸರಿನಲ್ಲೂ ಹೋಗಬೇಕು. ಅದೇ ಹೊತ್ತಿಗೆ ಇಡೀ ಓವರ್‌ಡ್ರಾಫ್ಟಿನ ಹೊಣೆ ಅವರೊಬ್ಬರ ತಲೆ ಮೇಲೇ ಉಳಿದಿರುತ್ತದೆ ಅನ್ನುವುದೂ ಗೊತ್ತಿರಲಿ. ದಿವಾಳಿಯ ಬದಲು ಸಾಲ ಕೊಟ್ಟವರ ಜೊತೆ ಐವಿಎ ಅನ್ನುವ ಒಪ್ಪಂದ ಮಾಡಿಕೊಂಡವರಿಗೂ ‘ಮುಗಿಯಿತು’ ಅನ್ನುವ ಪ್ರಮಾಣಪತ್ರ ಬಂದ ಮಾತ್ರಕ್ಕೆ ಹಳೆಯ ಹಕ್ಕು ತಾನಾಗಿ ವಾಪಸ್ ಬರುವುದಿಲ್ಲ ಅಂತ 2017ರಲ್ಲಿ ಗ್ರೀನ್ ವಿರುದ್ಧ ರೈಟ್ ಪ್ರಕರಣದಲ್ಲಿ ಅಪೀಲು ಕೋರ್ಟ್ ಹೇಳಿದೆ. ಅಂಥದ್ದೇ ಒಪ್ಪಂದವಾದ ಸ್ಕಾಟ್ಲೆಂಡಿನ ಟ್ರಸ್ಟ್ ಡೀಡ್‌ನಲ್ಲಿ ಮಾತ್ರ ಗಾಳಿ ಬೇರೆ ಕಡೆ ಬೀಸಿದೆ: 2018ರ ಡೂನೀನ್ ವಿರುದ್ಧ ಮಾಂಡ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕೊನೆಯ ಹಂಚಿಕೆಯೊಂದಿಗೆ ಆ ಟ್ರಸ್ಟ್ ಮುಗಿದಿತ್ತು, ಆಮೇಲೆ ಗೊತ್ತಾದ ಪಿಪಿಐ (ಸಾಲದ ಜೊತೆ ತಪ್ಪಾಗಿ ಮಾರಿದ ವಿಮೆ) ಪರಿಹಾರ ಸಾಲ ಮಾಡಿದವನದ್ದೇ ಅಂದಿತು. ಪಿಪಿಐ ದೂರಿನ ಕೊನೆಯ ದಿನ 2019ರ ಆಗಸ್ಟ್ 29ಕ್ಕೇ ಮುಗಿದಿದೆ. ಈಗ ಸುದ್ದಿಯಲ್ಲಿರುವ ಕಾರ್ ಸಾಲದ ಕಮಿಷನ್ ಪರಿಹಾರಕ್ಕೂ ಇದೇ ತಾರೀಖಿನ ಅಳತೆಯನ್ನೇ ಹಿಡಿಯಿರಿ. ಕರಾರು ಆದೇಶಕ್ಕೆ ಮುಂಚಿನದಾದರೆ ಮೊದಲ ಪತ್ರ ಟ್ರಸ್ಟಿಗೆ.

ಇಲ್ಲಿರುವ ಕನ್ನಡಿಗರಿಗೆ ಅಂತಲೇ ಒಂದು ಎಚ್ಚರಿಕೆ. ಇನ್‌ಸಾಲ್ವೆನ್ಸಿ ಕಾಯ್ದೆಯಲ್ಲಿ ಆಸ್ತಿ ಅಂದರೆ ಎಲ್ಲೇ ಇದ್ದರೂ ಆಸ್ತಿ. ಮೈಸೂರಿನ ಸೈಟು, ಊರಿನ ಬ್ಯಾಂಕಿನ ಎನ್‌ಆರ್‌ಒ ಠೇವಣಿ, ಅಪ್ಪನ ನಂತರ ಬಂದ ಜಮೀನಿನ ಪಾಲು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. 97 ಪೌಂಡ್ ಕೇಳಲು ಅಫಿಶಿಯಲ್ ರಿಸೀವರ್‌ಗೆ ಪತ್ರ ಹಾಕಿದರೆ ಮುಚ್ಚಿದ ಕಡತ ಮತ್ತೆ ಮೇಜಿನ ಮೇಲೆ ಬರುತ್ತದೆ. ಮೊದಲ ಸಂದರ್ಶನದಲ್ಲಿ ಹೇಳದೆ ಬಿಟ್ಟದ್ದು ಏನಾದರೂ ಇದ್ದರೆ ಚಾರ್ಜಿನ ಮಾತೆತ್ತುವ ಮುಂಚೆ ವಕೀಲರನ್ನು ಕಾಣುವುದು ಒಳ್ಳೆಯದು.

ಹಣ ಬರುವ ಹಂತದಲ್ಲಿ ಕೊನೆಯ ತೊಡಕು ಒಂದಿದೆ. ಬ್ಯಾಂಕ್ ಹಳೆಯ, ಮುಚ್ಚಿದ ಖಾತೆಗೇ ಜಮಾ ಮಾಡಿ ‘ಕೊಟ್ಟಾಯಿತು’ ಅನ್ನುತ್ತದೆ. ಅಲ್ಲಿ ಬಿದ್ದದ್ದು ಹಳೆಯ ಬಾಕಿಗೆ ಕರಗಿ ಹೋಗುತ್ತದೆ. ಬೇರೆ ಬ್ಯಾಂಕಿನ ಬೇಸಿಕ್ ಖಾತೆಯ ಸಂಖ್ಯೆಯನ್ನು ದೂರಿನಲ್ಲೇ ಕೊಟ್ಟಿರಿ. ಪರಿಹಾರದ ಜೊತೆ 2025ರ ಕೊನೆಯವರೆಗೆ ಸಾಮಾನ್ಯವಾಗಿ ವರ್ಷಕ್ಕೆ ಶೇ. 8ರ ಸರಳ ಬಡ್ಡಿ ಸೇರಿಸುತ್ತಿದ್ದರು. ಆ ದರದಲ್ಲಿ 97 ಪೌಂಡಿಗೆ ಎರಡು ವರ್ಷಕ್ಕೆ 15 ಪೌಂಡ್ 52 ಪೆನ್ಸ್. ಅದರಲ್ಲಿ ಶೇ. 20 ತೆರಿಗೆ, 3 ಪೌಂಡ್ 10 ಪೆನ್ಸ್, ಬ್ಯಾಂಕೇ ಹಿಡಿದುಕೊಳ್ಳುತ್ತದೆ. ಕೈಗೆ 109 ಪೌಂಡ್ 42 ಪೆನ್ಸ್. ಮೂಲ ದರದ ತೆರಿಗೆದಾರರಿಗೆ ವರ್ಷಕ್ಕೆ 1,000 ಪೌಂಡ್‌ವರೆಗಿನ ಉಳಿತಾಯದ ಬಡ್ಡಿಗೆ ತೆರಿಗೆ ಇಲ್ಲ, ಆದ್ದರಿಂದ ಆ 3 ಪೌಂಡನ್ನೂ ಆರ್40 ಫಾರಂ ತುಂಬಿ ನಾಲ್ಕು ವರ್ಷದೊಳಗೆ ವಾಪಸ್ ಕೇಳಬಹುದು. ಅದಕ್ಕೆ ತೆರಿಗೆ ಹಿಡಿದ ಮೊತ್ತ ನಮೂದಾಗಿರುವ ಪತ್ರ ಬೇಕು. ಬ್ಯಾಂಕಿನ ಕೊನೆಯ ಪತ್ರದ ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ಎಸೆಯಬೇಡಿ.